ಮೊದಲು ಕೊಕ್ಕನ್ನು ನೋಡಿ

ಕೇಳುಗರಿಗೆ ನಮಸ್ಕಾರ. ಚಳಿಗಾಲದಲ್ಲಿ ಹಿತ್ತಲಿನ ತಟ್ಟೆಗೆ ನವಣೆ, ಸಜ್ಜೆ ಹಾಕಿ ಹಕ್ಕಿಗಳ ದಾರಿ ಕಾಯುವವರಿಗಾಗಿ ಈ ಮಾತು. ಬಂದ ಕಂದು ಹಕ್ಕಿಯನ್ನೆಲ್ಲ ಗುಬ್ಬಿ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಆಮೇಲೆ, ಮೊದಲು ಕೊಕ್ಕನ್ನು ನೋಡಿ.

ಮಳೆಗಾಲದಲ್ಲಿ ಗೂಡು ನೇಯುವ ಗಂಡು ಗೀಜಗನಿಗೆ ಹಳದಿ ನೆತ್ತಿ, ಕಡುಗಂದು ಕೆನ್ನೆ. ಮಕ್ಕಳೂ ಗುರುತಿಸುತ್ತಾರೆ. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಹಳದಿ ಗರಿಗಳು ಉದುರಿ, ಅದು ಹೆಣ್ಣು ಗುಬ್ಬಚ್ಚಿಯ ಪಡಿಯಚ್ಚಾಗುತ್ತದೆ. ಬೆನ್ನಿನ ಗೀರುಗಳು, ಕಣ್ಣಿನ ಮೇಲಿನ ಮಸುಕು ಹುಬ್ಬು ಎರಡಕ್ಕೂ ಇವೆ. ಕೊಕ್ಕು ಮಾತ್ರ ಬೇರೆ. ಗೀಜಗನದು ಬುಡದಲ್ಲಿ ದಪ್ಪ. ಹಣೆಯೇ ಇಳಿದು ಕೊಕ್ಕಾದಂತೆ ಕಾಣುತ್ತದೆ. ಬಾಲ ಮೋಟು. ಗುಬ್ಬಚ್ಚಿಯ ಕೊಕ್ಕು ಅದಕ್ಕಿಂತ ಚಿಕ್ಕದು, ಅದರ ಮೇಲೆ ಹಣೆ ಗುಂಡಗೆ ಎದ್ದಿರುತ್ತದೆ.

ಮೂರನೆಯದು ಹಳದಿ ಕೊರಳಿನ ಗುಬ್ಬಿ. ಇದರ ಹೆಸರೆತ್ತಿದ ಮೇಲೆ ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1896ರಲ್ಲಿ ಹುಟ್ಟಿದ ಅವರು, ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಕೈಗೆತ್ತಿಕೊಂಡು ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ! ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಬೇಟೆಯಲ್ಲಿ ಪಳಗಿದವರು. ಅವರಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಪತ್ರ ಬರೆದುಕೊಟ್ಟು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲಾರ್ಡ್ ಹಕ್ಕಿಯ ಹೆಸರು ಹೇಳಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡದೆ, ಸೊಸೈಟಿ ಕಾಪಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೇ ಆ ಹುಡುಗನ ಮುಂದೆ ತೆರೆದು ತೋರಿಸಿದರು. ಭಾರತದ ಪಕ್ಷಿವಿಜ್ಞಾನಕ್ಕೆ ಸಲೀಂ ಅಲಿ ಸಿಕ್ಕಿದ್ದು ಆ ಭೇಟಿಯಿಂದ. ಒಬ್ಬ ಹಿರಿಯರ ತಾಳ್ಮೆ ಎಷ್ಟು ದೊಡ್ಡ ಕೆಲಸ ಮಾಡಿತು ನೋಡಿ!

ಆದರೆ ಆ ಮಚ್ಚೆ ಕಾಣಬೇಕಾದರೆ ಹಕ್ಕಿ ಕತ್ತೆತ್ತಬೇಕು. ತಟ್ಟೆಯಲ್ಲಿ ಅದು ತಲೆ ಬಗ್ಗಿಸಿ ಕಾಳು ಹೆಕ್ಕುತ್ತಿರುತ್ತದೆ. ಹೆಣ್ಣಿನಲ್ಲಂತೂ ಮಚ್ಚೆ ಇನ್ನೂ ಮಸುಕು. ಹಾಗಾಗಿ ಮತ್ತೆ ಕೊಕ್ಕನ್ನೇ ನೋಡಿ: ಸಪೂರ, ಚೂಪು. ಬೆನ್ನಿನಲ್ಲಿ ಗೀರಿಲ್ಲ, ರೆಕ್ಕೆಯಲ್ಲಿ ಬಿಳಿ ಪಟ್ಟಿಯಿದೆ.

ಸಮಯ ಮುಗಿಯುತ್ತಾ ಬಂತು. ಕಾಳು ತಿನ್ನುವ ಇನ್ನೊಂದು ಬಗೆಯ ಹಕ್ಕಿಗಳಾದ ರಾಟವಾಳಗಳ, ಅಂದರೆ ಮುನಿಯಾಗಳ, ಬಗ್ಗೆ ಹೇಳುವುದು ಬಹಳವಿತ್ತು. ಅವು ಗುಬ್ಬಿಗಿಂತ ಚಿಕ್ಕವು ಎಂಬುದನ್ನಷ್ಟೇ ಹೇಳಿ ಬಿಡುತ್ತೇನೆ. ತಟ್ಟೆಯನ್ನು ನೆಲದ ಮೇಲಿಡದೆ ನಿಮ್ಮ ಕಣ್ಣಿನ ಮಟ್ಟಕ್ಕೆ ಏರಿಸಿ ಇಡಿ. ಮೇಲಿನಿಂದ ನೋಡಿದರೆ ಕಾಣುವುದು ಕಂದು ಬೆನ್ನು ಮಾತ್ರ. ಕೊಕ್ಕಿನ ಆಕಾರ ತಿಳಿಯುವುದು ಪಕ್ಕದಿಂದ. ನಮಸ್ಕಾರ.