ಮೊಸರು ತಿಂದ ಕೋತಿ ಯಾವ ಪೋರ್ಟ್‌ನಲ್ಲಿದೆ? ಸಿಆರ್‌ಸಿ ಎರರ್ ಹುಡುಕಾಟ

ತೆರೆಯ ಮೇಲೆ: ಒಂದು ಪೋರ್ಟಿನ ಎರರ್ ಕೌಂಟರ್ ಏರುತ್ತಿದೆ.

ಕೇಬಲ್ ಬದಲಾಯಿಸಿದ್ರಿ, ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸೋ ಪುಟ್ಟ ಮಾಡ್ಯೂಲ್) ಬದಲಾಯಿಸಿದ್ರಿ, ಕೊನೆಗೆ ನೆಟ್‌ವರ್ಕ್ ಸ್ವಿಚ್ಚನ್ನೇ ಬದಲಾಯಿಸಿದ್ರಿ. ಸಿಆರ್‌ಸಿ ಎರರ್ ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಯಾಕೆ?

ಬೇಸಿಕ್ಸ್ ಒಂದೇ ಉಸಿರಲ್ಲಿ: ಪ್ರತಿ ಈಥರ್ನೆಟ್ ಫ್ರೇಮಿನ (ಡೇಟಾ ಕಟ್ಟಿನ) ಬಾಲದಲ್ಲಿ 4 ಬೈಟ್ ಚೆಕ್‌ಸಮ್, ಅಂದ್ರೆ ತಾಳೆ ನೋಡೋ ಲೆಕ್ಕ ಇರುತ್ತೆ, ಅದರ ಹೆಸರು ಎಫ್‌ಸಿಎಸ್. ಬಂದ ಡೇಟಾಗೂ ಅದಕ್ಕೂ ತಾಳೆ ಆಗದಿದ್ರೆ ಸಿಆರ್‌ಸಿ ಎರರ್. ಆಯ್ತು, ಮುಂದೆ.

ಬಾಲದಲ್ಲಿ ಅಂದೆ ನೋಡಿ, ಕಿತಾಪತಿ ಇರೋದೇ ಅಲ್ಲಿ. ಸ್ಟೋರ್-ಅಂಡ್-ಫಾರ್ವರ್ಡ್ ಸ್ವಿಚ್ ಇಡೀ ಫ್ರೇಮ್ ಬರೋ ತನಕ ಕಾದು, ಕೆಟ್ಟಿದ್ರೆ ಅಲ್ಲೇ ಎಸೆಯುತ್ತೆ. ಕಟ್-ಥ್ರೂ ಸ್ವಿಚ್‌ಗೆ ಅಷ್ಟು ತಾಳ್ಮೆ ಇಲ್ಲ. ವಿಳಾಸ ಓದಿದ್ದೇ ತಡ, ಮುಂದಕ್ಕೆ ತಳ್ಳೋಕೆ ಶುರು. ಗೂಡ್ಸ್ ರೈಲು ನೆನೆಸ್ಕೊಳ್ಳಿ. ಸಾಮಾನಿನ ಲೆಕ್ಕದ ಚೀಟಿ ಇರೋದು ಕಟ್ಟಕಡೆಯ ಗಾರ್ಡ್ ಬೋಗೀಲಿ. ಲೆಕ್ಕ ತಪ್ಪಿದೆ ಅಂತ ಗೊತ್ತಾಗೋ ಹೊತ್ತಿಗೆ ಇಂಜಿನ್ ಆಗಲೇ ಮುಂದಿನ ಸ್ಟೇಷನ್ ಸೇರಿದೆ. ಇನ್ನೇನು ಮಾಡ್ತೀರಿ? ಚೀಟಿ ಮೇಲೆ 'ತಪ್ಪು' ಅಂತ ಗೀಚಿ ಕಳಿಸ್ತೀರಿ. ಸ್ವಿಚ್ಚೂ ಅಷ್ಟೇ, ಚೆಕ್‌ಸಮ್ಮನ್ನ ಬೇಕಂತಲೇ ಕೆಡಿಸಿ ಕಳಿಸುತ್ತೆ. ಇದೇ ಸ್ಟಾಂಪಿಂಗ್. ಅಂಚೆಯ ಸ್ಟ್ಯಾಂಪ್ ಅಲ್ಲ, ಕಾಲಲ್ಲಿ ತುಳಿಯೋ ಸ್ಟಾಂಪ್!

ಹೀಗಾಗಿ ಮೂರು ಸ್ವಿಚ್ ಆಚೆಗಿನ ಕೊಳಕು ಕನೆಕ್ಟರ್ ನಿಮ್ಮ ಪೋರ್ಟ್ ಮೇಲೆ ಗೂಬೆ ಕೂರಿಸುತ್ತೆ. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿದ ಹಾಗೆ. ನಾವು ಮೇಕೇನ ಬದಲಾಯಿಸ್ತಾ ಕೂತಿದೀವಿ.

ಕೋತಿ ಹಿಡಿಯೋಕೆ, ಹಳೇ ಕೌಂಟರ್‌ಗಳನ್ನ ಫೈಲಿಗೆ ಉಳಿಸಿ, ಆಮೇಲೆ ಕ್ಲಿಯರ್ ಮಾಡಿ, 5 ನಿಮಿಷ ಬಿಟ್ಟು ನೋಡಿ. ಈಗ ಏರ್ತಿರೋದು ಮಾತ್ರ ಸಾಕ್ಷಿ. ಹಳೇ ಮೊತ್ತ ಹೋದ ವರ್ಷದ್ದೂ ಇರಬಹುದು. ಕೆಲವು ಸ್ವಿಚ್‌ಗಳಲ್ಲಿ 'ಸ್ಟಾಂಪ್ಡ್ ಸಿಆರ್‌ಸಿ'ಗೆ ಬೇರೆ ಕಾಲಮ್ಮೇ ಇದೆ. ಅದೂ ಎಫ್‌ಸಿಎಸ್ ಎರರ್ರೂ ಸಮಸಮ ಏರ್ತಿದ್ರೆ ತಪ್ಪು ಹಿಂದಿನಿಂದ ಬಂದದ್ದು. ಆ ಪೋರ್ಟಿನ ಎದುರಿನ ಸ್ವಿಚ್‌ಗೆ ಹೋಗಿ, ಅಲ್ಲಿ ಯಾವ ಪೋರ್ಟಿಂದ ಎರರ್ ಒಳಗೆ ಬರ್ತಿದೆ ಅಂತ ನೋಡಿ. ಸ್ಟಾಂಪ್ಡ್ ಸೊನ್ನೆ, ಎಫ್‌ಸಿಎಸ್ ಮಾತ್ರ ಏರ್ತಿರೋ ಪೋರ್ಟ್ ಸಿಕ್ತಾ? ಆ ಲಿಂಕೇ ಕೋತಿ.

ಫೈಬರ್ ಆದ್ರೆ ಒಳಬರೋ ಬೆಳಕಿನ ರೀಡಿಂಗ್ ತೆಗೀರಿ, ಅದು ಡಿಬಿಎಂ ಅನ್ನೋ ಅಳತೆಯಲ್ಲಿರುತ್ತೆ. 3 ಡಿಬಿ ಇಳಿದ್ರೆ ಬೆಳಕು ಅರ್ಧ. ಮೈನಸ್ 40 ಡಿಬಿಎಂ ಅಂದ್ರೆ ಸಾಮಾನ್ಯವಾಗಿ ಬೆಳಕೇ ಇಲ್ಲ. ಮೊದಲು ಕನೆಕ್ಟರ್ ಒರೆಸಿ, ಆಮೇಲೆ ಪ್ಯಾಚ್ ಕಾರ್ಡ್ (ಜೋಡಿಸೋ ಗಿಡ್ಡ ಕೇಬಲ್), ಆಮೇಲೆ ಎಸ್‌ಎಫ್‌ಪಿ. ಒಂದೊಂದಾದ ಮೇಲೂ ಕೌಂಟರ್ ನೋಡಿ. ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಸರಿಹೋದೀತು, ಕೆಟ್ಟದ್ದು ಯಾವುದು ಅಂತ ಮಾತ್ರ ತಿಳಿಯಲ್ಲ.

ಟೈಮ್ ಆಯ್ತು, ಉಳಿದದ್ದು ಗುಡಿಸಿ ಹೇಳ್ತೀನಿ. ಸ್ವಿಚ್ಚೇ ಒದ್ದಾಡ್ತಿದ್ರೆ ರೀಬೂಟ್‌ಗೆ ಮುಂಚೆ 'ಶೋ ಟೆಕ್-ಸಪೋರ್ಟ್' ಕಮಾಂಡಿನ ಔಟ್‌ಪುಟ್ ಹೊರಗೆ ಉಳಿಸಿ. ಬಫರ್ ಲಾಗ್ ಇರೋದು ರ‍್ಯಾಮ್‌ನಲ್ಲಿ, ಪವರ್ ಜೊತೆ ಅದೂ ಹೋಗುತ್ತೆ. ತಾನಾಗೇ ರೀಸ್ಟಾರ್ಟ್ ಆಗಿದ್ರೆ 'ಶೋ ವರ್ಷನ್'ನಲ್ಲಿ ಕಾರಣ ನೋಡಿ, ಕ್ರ್ಯಾಶ್‌ಇನ್ಫೋ ಫೈಲ್ ಫ್ಲ್ಯಾಶ್‌ನಲ್ಲಿ ಹುಡುಕಿ. ಪ್ಯಾರಿಟಿ ಎರರ್ (ಮೆಮೊರಿಯ ಬಿಟ್ ತಿರುಗಿದ ತಪ್ಪು) ಒಂದೇ ಸಲ ಬಂದಿದ್ರೆ ಕಾಸ್ಮಿಕ್ ಕಿರಣದ ಕೆಲಸವೂ ಇರಬಹುದು, ಕಣ್ಣಿಟ್ಟಿರಿ; ಮರುಕಳಿಸಿದ್ರೆ ಬೋರ್ಡ್ ಬದಲಿಸಿ. ಪವರ್ ಕೀಳೋ ಮುಂಚೆ ಎಲ್‌ಇಡಿಗಳ ಫೋಟೋ ತೆಗೆದಿಡಿ.