ಟೂಲ್ ಟ್ರಾಲಿ ಅಗ್ಗದ್ದು ಸಾಕಾ, ಪ್ರೊಫೆಷನಲ್ ಬೇಕಾ? ಕರಾವಳಿಯ ಗ್ಯಾರೇಜಿಗೆ ಲೆಕ್ಕವೇ ಬೇರೆ

[ದೃಶ್ಯ: ಅರ್ಧ ಎಳೆದ ಶಟರ್, ಹೊರಗೆ ಮಳೆ. ಒಳಗೆ ಅಕ್ಕಪಕ್ಕ ಎರಡು ಕೆಂಪು ಟೂಲ್ ಟ್ರಾಲಿ.]

ನಮಸ್ಕಾರ. ಎರಡೂ ಕೆಂಪು, ಎರಡಕ್ಕೂ ಏಳು ಡ್ರಾಯರ್, ಎರಡಕ್ಕೂ ಬೀಗ. ಫೋಟೋದಲ್ಲಿ ನೋಡಿದ್ರೆ ಅವಳಿ ಮಕ್ಕಳು. ರೇಟ್ ಕೇಳಿದ್ರೆ ಒಂದು ಇನ್ನೊಂದರ ಐದಾರು ಪಟ್ಟು. ಆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಯ್ತು, ಅದ್ರಲ್ಲಿ ನಮ್ಮ ಮಂಗಳೂರು-ಉಡುಪಿಯ ಹವೆಗೆ ಕೆಲಸಕ್ಕೆ ಬರುವುದು ಎಷ್ಟು ಅಂತ ಇವತ್ತು ಬಿಚ್ಚಿ ನೋಡುವ.

ಮೊದಲು ತಗಡು. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಅಂದ್ರೆ ಸುಮಾರು 1.2 ಮಿ.ಮೀ., 24 ಗೇಜ್ ಅಂದ್ರೆ ಸುಮಾರು 0.6. ದಪ್ಪ ಎರಡು ಪಟ್ಟಾದ್ರೆ ತಗಡು ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟಾಗ್ತದೆ. ಅಂಗಡಿಯವರಿಗೆ ಗೇಜ್ ಗೊತ್ತಿಲ್ಲದಿದ್ರೆ ಖಾಲಿ ಟ್ರಾಲಿಯ ತೂಕ ಕೇಳಿ. ಒಂದು ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ. ಬರ್ತದೆ. ಹೊರ ಅಳತೆ ಒಂದೇ ಇದ್ದು ಒಂದರ ತೂಕ ಇನ್ನೊಂದರ ಅರ್ಧ ಅಂತಾದ್ರೆ ಮತ್ತೆ ಕೇಳ್ಲಿಕ್ಕೆ ಎಂತ ಉಂಟು?

ತಗಡಿನ ಕಥೆ ಅಷ್ಟೇ. ನನ್ನ ಕೇಳಿದ್ರೆ ಟೂಲ್ ಟ್ರಾಲಿಯ ಜೀವ ಇರುವುದು ಡ್ರಾಯರಿನ ಸ್ಲೈಡ್‌ನಲ್ಲಿ.

[ದೃಶ್ಯ: ಡ್ರಾಯರ್ ನಿಧಾನ ಹೊರಗೆ ಬರ್ತದೆ. ಬದಿಯ ಸ್ಲೈಡ್ ಹತ್ತಿರದಿಂದ.]

ಇದು ಅಗ್ಗದ್ದು. ತಗಡಿನ ಮೇಲೆ ತಗಡು ಉಜ್ಜಿಕೊಂಡು ಜಾರ್ತದೆ. ನೋಡಿ, ಮುಕ್ಕಾಲು ಬಂದು ನಿಂತಿತು, ಹಿಂದೆ ಬಿದ್ದ ಸಣ್ಣ ಸಾಕೆಟ್ ತೆಗೀಲಿಕ್ಕೆ ಕೈ ಒಳಗೆ ಹಾಕ್ಬೇಕು. ಇನ್ನೊಂದು ಬಾಲ್ ಬೇರಿಂಗ್ ಸ್ಲೈಡ್, ಅಂದ್ರೆ ಒಳಗಿನ ಸಣ್ಣ ಗುಂಡುಗಳ ಮೇಲೆ ಉರುಳುವುದು, ಪೂರ್ತಿ ಹೊರಗೆ ಬರ್ತದೆ. ಒಳ್ಳೆ ಕಂಪೆನಿಯವರು ಒಂದು ಡ್ರಾಯರಿಗೆ 45 ಕೆ.ಜಿ. ಅಂತ ಬರೆದು ಕೊಡ್ತಾರೆ. ಅಂಗಡಿಯಲ್ಲಿ ಖಾಲಿ ಡ್ರಾಯರ್ ಎಳೆದ್ರೆ ಎಲ್ಲ ಟ್ರಾಲಿಯೂ ಬೆಣ್ಣೆ ಮಾರಾಯ್ರೆ! ಪೂರ್ತಿ ಎಳೆದು, ಮುಂದಿನ ತುದಿ ಹಿಡಿದು ಕೆಳಗೆ ಒತ್ತಿ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಮೂಗು ಕೆಳಗೆ ಮಾಡಿತು, ಟಕ ಟಕ ಅಂತು ಅಂದ್ರೆ ಪಾನಾ ತುಂಬಿಸಿದ ಮೇಲೆ ಅದು ಓರೆಯಾಗಿಯೇ ಓಡುವುದು.

ಈಗ ಯಾರೂ ಹೇಳದ ಒಂದು ವಿಷಯ. ಬೇರಿಂಗ್ ಸ್ಲೈಡ್ ಅಂದ ಕೂಡ್ಲೇ ಖುಷಿ ಪಡ್ಬೇಡಿ.

[ದೃಶ್ಯ: ಬಿಚ್ಚಿದ ಹಳೆ ಸ್ಲೈಡ್. ಒಳಗೆ ಕಂದು ಗ್ರೀಸ್, ಅಂಚಿನಲ್ಲಿ ಬಿಳಿ ಹುಡಿ.]

ಉಕ್ಕಿಗೆ ತುಕ್ಕು ಹಿಡೀಲಿಕ್ಕೆ ಮಳೆಯೇ ಬೀಳ್ಬೇಕಂತ ಇಲ್ಲ. ಗಾಳಿಯ ತೇವಾಂಶ ಶೇ. 60 ದಾಟಿದ್ರೆ ಸಾಕು. ನಮ್ಮಲ್ಲಿ ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಶೇ. 80ರ ಕೆಳಗೆ ಇಳಿಯುವುದೇ ಅಪರೂಪ. ಅದರ ಮೇಲೆ ಉಪ್ಪು. ಸಮುದ್ರದ ಉಪ್ಪಿನಲ್ಲಿ ಅಡಿಗೆ ಉಪ್ಪಿನ ಜೊತೆ ಮೆಗ್ನೀಷಿಯಂ ಕ್ಲೋರೈಡ್ ಕೂಡ ಉಂಟು. ಅಡಿಗೆ ಉಪ್ಪು ಶೇ. 75ರ ತೇವಕ್ಕೆ ನೀರಾದ್ರೆ, ಇದು ಶೇ. 33ರಲ್ಲೇ ಗಾಳಿಯ ನೀರು ಎಳೆದು ಕರಗ್ತದೆ. ಹಾಗಾಗಿ ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಉಪ್ಪು ಕೂತ ಕಬ್ಬಿಣ ಬೇಸಗೆಯಲ್ಲೂ ಒಣಗುವುದಿಲ್ಲ, ನಮ್ಮ ಕಣ್ಣಿಗೆ ಒಣಗಿದ ಹಾಗೆ ಕಾಣ್ತದೆ ಅಷ್ಟೆ.

ಸ್ಲೈಡಿನ ಅಂಚಿನ ಆ ಬಿಳಿ ಹುಡಿ ಸತುವಿನ ತುಕ್ಕು. ಸ್ಲೈಡಿನ ಮೇಲಿನ ಸತುವಿನ ಲೇಪ ತಾನು ಸವೆದು ಉಕ್ಕನ್ನು ಕಾಯ್ತದೆ. ಅಗ್ಗದ ಬೇರಿಂಗ್ ಸ್ಲೈಡ್‌ನಲ್ಲಿ ಆ ಲೇಪ ತೆಳು, ಗ್ರೀಸ್ ಕಡಿಮೆ. ಲೇಪ ಮುಗಿದ ಮೇಲೆ ಗುಂಡುಗಳು ಹಿಡ್ಕೊಳ್ತವೆ, ಡ್ರಾಯರ್ ಜಾಮ್. ಉಜ್ಜಿ ಜಾರುವ ಸಾದಾ ಸ್ಲೈಡ್ ಆದ್ರೆ ಒರೆಸಿ, ಸ್ವಲ್ಪ ಗ್ರೀಸ್ ಹಚ್ಚಿದ್ರೆ ಮತ್ತೆ ಓಡ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಒಳ್ಳೆಯ ಬೇರಿಂಗ್ ಮೊದಲು, ಸಾದಾ ಸ್ಲೈಡ್ ಎರಡನೇದು, ಅಗ್ಗದ ಬೇರಿಂಗ್ ಕೊನೆಗೆ.

ಪೇಂಟ್ ನೋಡುವಾಗ ಮುಂದಿನ ಹೊಳಪು ನೋಡಿ ಮರುಳಾಗ್ಬೇಡಿ. ಡ್ರಾಯರ್ ತೆಗೆದು ತಳದ ಮೂಲೆಗೆ ಟಾರ್ಚ್ ಬಿಡಿ.

[ದೃಶ್ಯ: ಟಾರ್ಚ್ ಬೆಳಕಿನಲ್ಲಿ ಎರಡು ತಗಡು ಒಂದರ ಮೇಲೊಂದು ಕೂತ ಜಾಗ, ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು.]

ಎರಡು ತಗಡಿನ ನಡುವಿನ ಈ ಸಂದಿಗೆ ಪೌಡರ್ ಕೋಟಿಂಗ್ ಪೇಂಟ್ ಹೋಗುವುದಿಲ್ಲ, ನೀರು ಮಾತ್ರ ಹೋಗ್ತದೆ. ತುಕ್ಕು ಹುಟ್ಟುವುದೇ ಇಲ್ಲಿ. ದುಬಾರಿ ಟ್ರಾಲಿಯಲ್ಲೂ ಈ ಸಂದಿ ಉಂಟು. ತಂದ ದಿನವೇ ಒಳಗಿನ ಮೂಲೆಗಳಿಗೆ ಗ್ರೀಸೋ ವ್ಯಾಕ್ಸೋ ತಿಕ್ಕಿಡಿ.

ಚಕ್ರ. ನಮ್ಮಲ್ಲಿ ಮನೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ. ಎರಡು ಇಂಚಿನ ಚಕ್ರ ಆ ಸಂದಿಗೆ ಸಿಕ್ಕಿ ನಿಂತ್ರೆ ತುಂಬಿದ ಟ್ರಾಲಿ ಮಗುಚುವುದೇ. ಹೊರಗೆ ಎಳೆಯುವ ಅಂದಾಜು ಇದ್ರೆ ಐದಿಂಚಿನದ್ದೇ ಬೇಕು. ಒಂದು ಡ್ರಾಯರ್ ತೆರೆದಾಗ ಉಳಿದದ್ದು ಲಾಕ್ ಆಗುವ ವ್ಯವಸ್ಥೆ ಉಂಟಾ ಅಂತಲೂ ನೋಡಿ. ಇಲ್ಲದಿದ್ರೆ ಮೇಲಿನ ಮೂರು ಒಟ್ಟಿಗೆ ಎಳೆದಾಗ ಟ್ರಾಲಿ ನಿಮ್ಮ ಕಾಲ ಮೇಲೆ.

ಹಾಗಾದ್ರೆ ಲಕ್ಷದ ಟ್ರಾಲಿ ಯಾರಿಗೆ? ಅದು ಹುಟ್ಟಿದ್ದು ಬೇರೆ ಪದ್ಧತಿಗೆ. ಅಮೆರಿಕದಲ್ಲಿ ಟೂಲ್ಸ್ ಮೆಕ್ಯಾನಿಕ್‌ನ ಸ್ವಂತದ್ದು. ಕೆಲಸ ಬಿಟ್ರೆ ಟ್ರಾಲಿಯೂ ಅವನ ಜೊತೆ ಹೋಗ್ತದೆ. 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ಕಂಪೆನಿಯ ವ್ಯಾನ್‌ಗಳು ವರ್ಕ್‌ಶಾಪ್ ಬಾಗಿಲಿಗೇ ಬಂದು ಕಂತಿನಲ್ಲಿ ಕೊಡ್ತವೆ. ಇಲ್ಲಿ ಟೂಲ್ಸ್ ಧಣಿಯದ್ದು, ನಾಲ್ಕು ಕೈ ಒಂದೇ ಡ್ರಾಯರಿಗೆ. ದಿನಕ್ಕೆ ನೂರು ಸಲ ಎಳೆಯುವ ಜಾಗದಲ್ಲಿ ಸ್ಲೈಡಿಗೆ ಕೊಟ್ಟ ದುಡ್ಡು ವಸೂಲಾಗ್ತದೆ. ಆದಿತ್ಯವಾರ ಬೈಕ್ ಬಿಚ್ಚುವವರಿಗೆ ಐದು ತಟ್ಟೆಯ ಟಪಾರಿಯಾ ಪೆಟ್ಟಿಗೆ, ಗೋಡೆಗೆ ಟೂಲ್ಸ್ ನೇತು ಹಾಕ್ಲಿಕ್ಕೆ ಒಂದು ಪೆಗ್‌ಬೋರ್ಡ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ರಿಂಗ್ ಪಾನಾ ಸೆಟ್ ತೆಗೊಳ್ಳಿ.

ನಡುವಿನ ದಾರಿ ಒಂದುಂಟು, ನನಗೆ ಅದೇ ಹೆಚ್ಚು ಇಷ್ಟ. ಬೈಕಂಪಾಡಿ ಕಡೆಯ ಒಳ್ಳೆ ಫ್ಯಾಬ್ರಿಕೇಶನ್‌ನವರ ಹತ್ರ 18 ಗೇಜ್ ಜಿ.ಐ. ಶೀಟಲ್ಲಿ, ಅಂದ್ರೆ ಸತುವಿನ ಲೇಪ ಇರುವ ತಗಡಲ್ಲಿ, ಪೆಟ್ಟಿಗೆ ಮಾಡಿಸಿ. ಸ್ಲೈಡ್ ಮಾತ್ರ ಹಾರ್ಡ್‌ವೇರ್ ಅಂಗಡಿಯಿಂದ 45 ಕೆ.ಜಿ. ರೇಟಿಂಗ್‌ನದ್ದು ನೀವೇ ತಂದುಕೊಡಿ, ಇಲ್ಲದಿದ್ರೆ ಅವ್ರು ಅಡಿಗೆಮನೆ ಡ್ರಾಯರಿನದ್ದು ಹಾಕಿ ಕೊಟ್ರೂ ಕೊಟ್ರು. ವೆಲ್ಡಿಂಗ್ ಮಾಡಿದಲ್ಲಿ ಸತು ಸುಟ್ಟು ಹೋಗಿರ್ತದೆ, ಅಲ್ಲಿಗೆ ಜಿಂಕ್ ಪ್ರೈಮರ್ ಹೊಡೆಸದೆ ಮನೆಗೆ ತರ್ಬೇಡಿ.

[ದೃಶ್ಯ: ಡ್ರಾಯರಿನೊಳಗೆ ಸ್ಪಂಜ್ ಮ್ಯಾಟ್. ಬೆರಳಿಂದ ಒತ್ತಿದಾಗ ತೇವ.]

ಡ್ರಾಯರಿಗೆ ಈ ಸ್ಪಂಜ್ ಹಾಸ್ಬೇಡಿ, ನೀರು ಹಿಡಿದಿಡ್ತದೆ. ನೀರು ಹೀರದ ಇ.ವಿ.ಎ. ಫೋಮ್ ಆಗ್ಬಹುದು. ವರ್ನಿಯರ್, ಮೈಕ್ರೋಮೀಟರಿನಂಥ ಅಳತೆಯ ಸಾಮಾನು ಎಷ್ಟೇ ದುಬಾರಿ ಟ್ರಾಲಿಯಲ್ಲೂ ಬೇಡ, ಯಾವ ಡ್ರಾಯರೂ ಗಾಳಿ ತಡೆಯುವುದಿಲ್ಲ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಜೆಲ್ ಗುಲಾಬಿಯಾದ್ರೆ ಬಿಸಾಡ್ಬೇಡಿ, ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿದ್ರೆ ಮತ್ತೆ ನೀಲಿಯಾಗ್ತದೆ. ಅಡಿಗೆಯ ಪಾತ್ರೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣ ಕೋಬಾಲ್ಟ್‌ನದ್ದು, ವಿಷ.

ನಿಮ್ಮ ಕಡೆ ಫ್ಯಾಬ್ರಿಕೇಶನ್‌ನವರು ಏಳು ಡ್ರಾಯರಿಗೆ ಎಷ್ಟು ಹೇಳ್ತಾರೆ ಅಂತ ಕಮೆಂಟಲ್ಲಿ ಹಾಕಿ. ಗೇಜ್ ಎಷ್ಟು ಅಂತಲೂ ಬರೀರಿ, ಬರೀ ರೇಟ್ ಹೇಳಿದ್ರೆ ಹೋಲಿಸ್ಲಿಕ್ಕೆ ಆಗುವುದಿಲ್ಲ.