ತಿಳಿನೀರು, ತಿಳಿವಳಿಕೆ

ಎಲ್ಲರಿಗೂ ನಮಸ್ಕಾರ.

ವಿವೇಕದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಒಪ್ಪಿಕೊಂಡ ಮೇಲೆ ಭಯ ಶುರುವಾಯಿತು. ಹೇಳುವವನಿಗೆ ಅದು ಎಷ್ಟಿದೆ ಅಂತ ನೀವು ಅಳೆದೇ ಅಳೆಯುತ್ತೀರಿ, ಅಲ್ವಾ? ನನಗೆ ಬುದ್ಧಿ ಹಲ್ಲು ಬಂದಿದ್ದು 22ನೇ ವಯಸ್ಸಿಗೆ. ಕೀಳಿಸಿದ್ದು 23ಕ್ಕೆ. ಮುಂದಿನ ಲೆಕ್ಕ ನೀವೇ ಹಾಕಿಕೊಳ್ಳಿ. ಅದಕ್ಕೇ ವಿವೇಕವನ್ನು ಪಕ್ಕಕ್ಕಿಟ್ಟು, ಬರೀ ಪದಗಳ ಬಗ್ಗೆ ಮಾತಾಡುತ್ತೇನೆ.

‘ವಿವೇಕ’ ಸಂಸ್ಕೃತದಿಂದ ಬಂದ ಪದ. ಅದರ ಬೇರು ‘ವಿಚ್’. ಬೇರೆ ಮಾಡು ಅಂತ ಅರ್ಥ. ಏನನ್ನು ಬೇರೆ ಮಾಡುವುದು? ಯಜುರ್ವೇದದಲ್ಲಿ ಯಾಗದ ಧಾನ್ಯ ಕೇರುವಾಗ ಹೇಳುವ ಒಂದು ಮಾತಿದೆ: ಗಾಳಿ ನಿಮ್ಮನ್ನು ಬೇರ್ಪಡಿಸಲಿ ಅಂತ. ಅಲ್ಲಿರುವ ಕ್ರಿಯಾಪದ ಇದೇ ‘ವಿಚ್’. ಅಂದರೆ ವಿವೇಕದ ತವರು ಮೊರ.

ಮೊರ ಹಿಡಿದವರ ಕೈ ಯಾವತ್ತಾದರೂ ನೋಡುತ್ತಾ ಕೂತಿದ್ದೀರಾ? ಮೊರ ಮೇಲಕ್ಕೆ ಚಿಮ್ಮುತ್ತದೆ. ಕಾಳು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ಹೊಟ್ಟು, ಜೊಳ್ಳು ಆಚೆ ಹಾರುತ್ತವೆ, ಗಟ್ಟಿ ಕಾಳು ಮತ್ತೆ ಮೊರಕ್ಕೇ ಬೀಳುತ್ತದೆ. ಆದರೆ ಕಲ್ಲು ಹಾರುವುದಿಲ್ಲ. ಕಾಳಿಗಿಂತ ಭಾರವಾಗಿ, ಕಾಳಿನ ಜೊತೆಗೇ ಕೂತಿರುತ್ತದೆ. ಅದಕ್ಕೆ ಮೊರವನ್ನು ಓರೆ ಮಾಡಿ, ಮೆಲ್ಲಗೆ ಕುಲುಕಿ, ಬೆರಳಿಂದ ಒಂದೊಂದೇ ಆರಿಸಬೇಕು. ಹಗುರವಾದ ಸುಳ್ಳು ತಾನಾಗಿ ಹಾರಿಹೋಗುತ್ತದೆ. ತೂಕದ ಸುಳ್ಳಿದೆಯಲ್ಲ, ಕೆಲಸವಿರುವುದು ಅಲ್ಲಿ.

ಬೇರೆ ನುಡಿಗಳಲ್ಲೂ ಈ ಪದ ಹುಟ್ಟಿದ್ದು ಮೈ-ಕೈಯ ಕೆಲಸದಿಂದಲೇ. ಲ್ಯಾಟಿನ್‌ನ ‘ಸಪೆರೆ’ ಅಂದರೆ ರುಚಿ ನೋಡು. ತಿಳಿವಳಿಕೆಯಿಂದಿರು ಅಂತಲೂ ಹೌದು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ನಮ್ಮ ಮನುಷ್ಯಜಾತಿಗೆ ‘ಹೋಮೋ ಸೇಪಿಯನ್ಸ್’ ಅಂತ ಹೆಸರಿಟ್ಟದ್ದು ಇದೇ ಪದದಿಂದ. ನಮಗೆ ನಾವೇ ಕೊಟ್ಟುಕೊಂಡ ಬಿರುದು ಅದು. ಪರೀಕ್ಷೆ ಮಾಡಿ ಯಾರೂ ಕೊಟ್ಟದ್ದಲ್ಲ. ಗ್ರೀಕರ ‘ಸೋಫಿಯಾ’ ಅಂದರೂ ವಿವೇಕವೇ, ಮುಂದೆ ಅದು ತತ್ವಜ್ಞಾನಿಗಳ ಸ್ವತ್ತಾಯಿತು. ಹಳೆಯ ಕವಿ ಹೋಮರನ ಇಲಿಯಡ್‌ನಲ್ಲಿ ಮಾತ್ರ ಅದು ಹಡಗಿನ ಮರವನ್ನು ನೂಲು ಹಿಡಿದಂತೆ ಕೆತ್ತುವ ಬಡಗಿಯ ಕೈಚಳಕ. ಇಂಗ್ಲಿಷಿನ ‘ವಿಸ್ಡಮ್’ ಪದದ ಬೇರಿಗೆ ಕಾಣು, ಅರಿ ಎಂಬ ಅರ್ಥ. ನಮ್ಮ ವೇದ, ವಿದ್ಯೆ ಅದರ ಅಣ್ಣತಮ್ಮಂದಿರು. ‘ವಿಡಿಯೋ’ ಕೂಡ ಅದೇ ವಂಶದ್ದು. ದಿನವಿಡೀ ಫೋನ್ ನೋಡುವವರು ಇದನ್ನು ಮನೆಯಲ್ಲಿ ಹೇಳಿ ಪಾರಾಗಲು ನೋಡಬೇಡಿ.

ಅರಬ್ಬಿಯ ‘ಹಿಕ್ಮಾ’ ಅಂದರೂ ವಿವೇಕವೇ. ಹಕೀಮ, ಹುಕುಂ ಅದೇ ಕುಟುಂಬದವು. ಅದು ನಮ್ಮಲ್ಲಿಗೆ ಬರುವಷ್ಟರಲ್ಲಿ ‘ಹಿಕ್ಮತ್ತು’ ಆಯಿತು. ಏನೋ ಹಿಕ್ಮತ್ತು ಮಾಡಿ ಕೆಲಸ ಮುಗಿಸಿದ ಅಂತೀವಲ್ಲ, ಅದೇ. ಪಾಪ, ಎಲ್ಲಿಂದ ಎಲ್ಲಿಗೆ ಬಂತು ನೋಡಿ.

‘ಜಾಣ’ನ ಕತೆಯೂ ಇಂಥದ್ದೇ. ಜ್ಞಾನದ ಬೇರಿನಿಂದಲೇ ಪ್ರಾಕೃತದ ದಾರಿ ಹಿಡಿದು ಬಂದ ಪದ. ಈಗ ಅದರ ಜೊತೆ ಎಂಥವರು ಸೇರಿದ್ದಾರೆ! ಜಾಣ ಕುರುಡು, ಜಾಣ ಕಿವುಡು, ಜಾಣ ಮರೆವು. ಕಡತ ಕಣ್ಣೆದುರೇ ಇದ್ದರೂ ಕಾಣದವನಿಗೆ ಜಾಣ ಕುರುಡು ಅಂತೀವಿ. ವಿವೇಕದ ಕುರುಡು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಜಾಣತನವನ್ನು ಎಲ್ಲಿಗೆ ಬೇಕಾದರೂ ಬಾಡಿಗೆಗೆ ಕರೆದೊಯ್ಯಬಹುದು. ವಿವೇಕ ಹಾಗೆ ಹೊರಡುವುದಿಲ್ಲ ಅಂತ ಮಾತಾಡುವ ಜನಕ್ಕೆ ಗೊತ್ತು.

ಇಷ್ಟಾದರೂ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪದ ನಮ್ಮದೇ ‘ತಿಳಿ’. ತಮಿಳಿನ ‘ತೆಳಿ’, ತೆಲುಗಿನ ‘ತೆಲಿವಿ’ ಇದರ ಒಡಹುಟ್ಟುಗಳು. ನನಗೆ ತಿಳಿಯಿತು ಅಂದರೆ ಗೊತ್ತಾಯಿತು. ನೀರು ತಿಳಿಯಾಯಿತು ಅಂದರೆ ಕೆಸರು ಇಳಿಯಿತು. ಎರಡಕ್ಕೂ ಒಂದೇ ಪದ.

ಒಂದು ಕೊಡ ಬಗ್ಗಡ ನೀರು ತಂದಿಡಿ. ಕೈ ಹಾಕಿ ಕದಡಿದರೆ ಇನ್ನೂ ರಾಡಿಯಾಗುತ್ತದೆ. ಸುಮ್ನೆ ಬಿಟ್ಟರೆ ಮೊದಲು ದಪ್ಪ ಮರಳು ಇಳಿಯುತ್ತದೆ. ಆಮೇಲೆ ಮಣ್ಣು. ನುಣ್ಣನೆಯ ಕೆಸರು ಇಳಿಯಲು ರಾತ್ರಿಯೆಲ್ಲ ಬೇಕಾಗುತ್ತದೆ. ಬೆಳಿಗ್ಗೆ ಬಗ್ಗಿ ನೋಡಿದರೆ ಕೊಡದ ತಳ ಕಾಣುತ್ತದೆ. ಹೊಸದಾಗಿ ಒಂದು ಹನಿಯೂ ಸೇರಿಲ್ಲ. ಕೆಸರೂ ಎಲ್ಲೂ ಹೋಗಿಲ್ಲ, ಅಲ್ಲೇ ಅಡಿಯಲ್ಲಿದೆ. ಕೊಡ ಎತ್ತುವಾಗ ಕೈ ನಡುಗಿದರೆ ಮತ್ತೆ ಮೇಲೇಳುತ್ತದೆ.

‘ತಿಳಿ’ಯ ಈ ಗುಣ ಅದರಿಂದ ಹುಟ್ಟಿದ ಮಾತುಗಳಲ್ಲೂ ಇದೆ. ಮಕ್ಕಳಿಗೆ ‘ಬುದ್ಧಿ ಹೇಳ್ತೀನಿ ಬಾ’ ಅಂದರೆ ಎದ್ದು ಓಡುತ್ತಾರೆ. ‘ಬುದ್ಧಿ ಕಲಿಸ್ತೀನಿ’ ಅಂದರಂತೂ ದೊಡ್ಡವರೂ ಓಡುತ್ತಾರೆ! ‘ಬುದ್ಧಿ’ಯ ಬೇರಿಗೆ ಎಚ್ಚರಗೊಳ್ಳು ಎಂಬ ಅರ್ಥವಿದೆ, ಅದಕ್ಕೇ ಅದು ತಟ್ಟಿ ಎಬ್ಬಿಸುತ್ತದೋ ಏನೋ. ‘ತಿಳಿಹೇಳು’ ಅನ್ನುವುದರಲ್ಲಿ ಆ ಗದರಿಕೆ ಇಲ್ಲ. ತಿಳಿಹೇಳುವವರು ಪಕ್ಕದಲ್ಲಿ ಕೂತಿರುತ್ತಾರೆ.

ಇನ್ನು ಬೈಗುಳ. ‘ತಿಳಿಗೇಡಿ’. ಒಡೆದು ನೋಡಿದರೆ ತಿಳಿ ಕೆಟ್ಟವನು. ಗೊತ್ತಿಲ್ಲದವನಿಗೆ ಈ ಬೈಗುಳ ಸರಿಯಾಗಿ ಕೂರುವುದಿಲ್ಲ. ಎಲ್ಲಾ ಗೊತ್ತಿದ್ದೂ ಸಿಟ್ಟಿನ ಭರದಲ್ಲಿ ಪತ್ರ ಬರೆದು, ಅವತ್ತು ರಾತ್ರಿಯೇ ಕಳಿಸಿಬಿಡುವವನಿಗೆ ಚೆನ್ನಾಗಿ ಕೂರುತ್ತದೆ. ಬೆಳಗಿನ ತನಕ ಕಾಯಬಾರದಿತ್ತಾ ಅಂತ ಕೇಳಿ, ಆಮೇಲೆ ಈ ಪದದಿಂದ ಬೈದಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬೈಸಿಕೊಂಡವನು ನಾನೇ.

ಪ್ರಶ್ನೆಗಳಿದ್ದರೆ ಕೇಳಿ.